ಬಾಗಿಲ ಹೊರಗೆ ಕೂತವನ ವರ



ಅನ್ಯಭಾಷೆಯಲ್ಲಿ ಪ್ರಾರ್ಥಿಸುವುದು, ಪ್ರಾರ್ಥನೆಯಿಂದ ರೋಗ ವಾಸಿಮಾಡುವುದು ಇವನ್ನೆಲ್ಲ ಕ್ರೈಸ್ತರು ಪವಿತ್ರಾತ್ಮನ ವರಗಳು ಎನ್ನುತ್ತಾರೆ. ಅವು ಅಪೊಸ್ತಲರ ಕಾಲಕ್ಕೇ ಮುಗಿದವು ಎಂದು ಅವರಲ್ಲೇ ಕೆಲವರು, ಇಂದಿಗೂ ಇವೆ ಎಂದು ಕೆಲವರು. ಆ ಜಗಳ ನಮಗೇಕೆ ಅನ್ನಿಸಬಹುದು.

1906ರ ಆರಂಭದಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ವಿಲಿಯಂ ಸೆಮೋರ್ ಎಂಬ ಕಪ್ಪು ಬೋಧಕರು ಈ ವರಗಳ ಪಾಠ ಕೇಳಲು ಹೋದರು. ಗುಲಾಮರಾಗಿದ್ದವರ ಮಗ. ಬಿಳಿಯರ ಜೊತೆ ಕೂರುವಂತಿಲ್ಲ. ತರಗತಿಯ ಹೊರಗೆ, ತೆರೆದ ಬಾಗಿಲ ಬಳಿ ಕೂತು ಕೇಳಿದರು. (ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂತ ಬಾಲಕ ಭೀಮರಾವ್ ನೆನಪಾಗದೆ ಇರುತ್ತಾರೆಯೇ?) ಅದೇ ವರ್ಷ ಲಾಸ್ ಏಂಜಲಿಸ್‌ನ ಅಜುಸಾ ಬೀದಿಯಲ್ಲಿ ಅವರು ನಡೆಸಿದ ಸಭೆಗೆ ಕರಿಯರೂ ಬಿಳಿಯರೂ ಒಟ್ಟಿಗೆ ಬಂದರು, ಹೆಂಗಸರೂ ಬೋಧಿಸಿದರು. ವರ ಯಾರ ಮೇಲಾದರೂ ಇಳಿಯಬಹುದು ಎಂದಮೇಲೆ ಯಾರನ್ನು ಹೊರಗೆ ಕೂರಿಸುವುದು? ಪಾಠ ಹೇಳಿದ್ದ ಬಿಳಿಯ ಗುರುವಿಗೆ ಆ ಬೆರಕೆಯೇ ಸಹನೆಯಾಗಲಿಲ್ಲ.

ಕೇವಟ್ಟ ಸುತ್ತದಲ್ಲಿ ಭಗವಾನರು ಪವಾಡಗಳಿಗಿಂತ ಉಪದೇಶವನ್ನೇ ಮೇಲೆ ಇಟ್ಟರು. ನಾನೂ ಪವಾಡ ನಂಬುವವನಲ್ಲ. ಕಾಯಿಲೆಗೆ ಆಸ್ಪತ್ರೆಯೇ ಸರಿ. ಆದರೆ ನಮ್ಮ ಕೇರಿಯ ಅಕ್ಕ ಪ್ರಾರ್ಥನಾ ಸಭೆಗೆ ಹೊರಟಾಗ ಈಗ ನಗು ಬರುವುದಿಲ್ಲ. ಅಲ್ಲಿ ಅವಳು ಎದ್ದುನಿಂತು ಮಾತಾಡುತ್ತಾಳೆ. ನಮ್ಮ ವಿಹಾರದಲ್ಲಿ ಕಳೆದ ಭಾನುವಾರವೂ ಮಾತಾಡಿದ್ದು ನಾವು ಮೇಷ್ಟ್ರುಗಳೇ.