ಶ್ರೀ ಜಗನ್ನಾಥದಾಸರೂ ಭೋಜನರಸವಿಭಾಗ ಸಂಧಿಯೂ



ಹರಿಕಥಾಮೃತಸಾರದ 32 ಸಂಧಿಗಳಲ್ಲಿ ನಾಲ್ಕನೆಯದು ಭೋಜನರಸವಿಭಾಗ ಸಂಧಿ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಅನೇಕ ಮಾಧ್ವಗೃಹಗಳಲ್ಲಿ ಇದು ಕಂಠಸ್ಥವಾಗಿದೆ. ಆದರೆ ಇದನ್ನು ರಚಿಸಿದ ಮಹನೀಯರೇ ಒಮ್ಮೆ ಹರಿದಾಸರ ಪಂಕ್ತಿಯನ್ನು ನಿರಾಕರಿಸಿದ್ದರೆಂಬುದನ್ನು ನೆನೆದು ಪಠಿಸುವವರು ವಿರಳ.

ಕ್ರಿ.ಶ. 1728ರಲ್ಲಿ, ಈಗಿನ ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯ ಬ್ಯಾಗವಟ್ಟಿಯಲ್ಲಿ ಜನಿಸಿದ ಶ್ರೀನಿವಾಸಾಚಾರ್ಯರು ಶ್ರೀ ವರದೇಂದ್ರತೀರ್ಥರ ಸನ್ನಿಧಿಯಲ್ಲಿ ಶಾಸ್ತ್ರಾಧ್ಯಯನ ಮಾಡಿ ತರುಣ ವಯಸ್ಸಿನಲ್ಲಿಯೇ ಪ್ರಖ್ಯಾತರಾದರು. ಅದೇ ಸೀಮೆಯಲ್ಲಿ, ಚೀಕಲಪರವಿಯ ಶ್ರೀ ವಿಜಯದಾಸರು ಮಂದವಾಗಿದ್ದ ದಾಸಸಾಹಿತ್ಯದ ದೀಪವನ್ನು ಪುನಃ ಪ್ರಜ್ವಲಗೊಳಿಸಿದ್ದ ಕಾಲವದು. ಸುಳಾದಿಗಳೂ ಪದಗಳೂ ಊರೂರಿನಲ್ಲಿ ಕೇಳಿಬರುತ್ತಿದ್ದವು. ನ್ಯಾಯಸುಧೆಯನ್ನು ಓದಿದವರಿಗೆ ತಂಬೂರಿ ಹಿಡಿದು ಕನ್ನಡದಲ್ಲಿ ಹಾಡುವವರಿಂದ ಕಲಿಯಬೇಕಾದುದೇನು ಎಂಬ ಭಾವನೆ ಆಚಾರ್ಯರಲ್ಲಿ ಬೇರೂರಿತ್ತು.

ವಿಜಯದಾಸರು ಮಾನ್ವಿಗೆ ಚಿತ್ತೈಸಿ, ತೀರ್ಥಪ್ರಸಾದಕ್ಕೆ ಬರಬೇಕೆಂದು ಆಚಾರ್ಯರನ್ನು ಆಹ್ವಾನಿಸಿದರು. ತಮಗೆ ಉದರವ್ಯಾಧಿಯಿದೆ, ಹೊತ್ತು ಮೀರಿ ಉಣ್ಣಲಾಗದು ಎಂದು ಆಚಾರ್ಯರು ಹೇಳಿ ಕಳುಹಿಸಿದರು. ವ್ಯಾಧಿ ಇರಲಿಲ್ಲ, ನೆವವಷ್ಟೇ ಇತ್ತು. ಹಾಗೆಯೇ ಆಗಲೆಂದರಂತೆ ದಾಸರು. ಇಲ್ಲದ ವ್ಯಾಧಿ ನಿಜವಾಗಿ ಬಂದು ಆಚಾರ್ಯರನ್ನು ಹಿಡಿಯಿತು. ಇದನ್ನು ದಾಸರ ಶಾಪವೆಂದು ಹೇಳುವ ವಾಡಿಕೆಯುಂಟು. ನಮಗೆ ಅದು ಉಚಿತವೆನಿಸದು. ದಾಸರು ಶಪಿಸಲಿಲ್ಲ, ಆಚಾರ್ಯರ ಮಾತನ್ನೇ ಒಪ್ಪಿಕೊಂಡರು. ನಾವಾಡಿದ ಸುಳ್ಳನ್ನು ಸಜ್ಜನರು ನಂಬಿದರೆ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನು?

ಔಷಧೋಪಚಾರಗಳು ನಿಷ್ಫಲವಾದವು. ಕಡೆಗೆ ಆಚಾರ್ಯರು ವಿಜಯದಾಸರನ್ನೇ ಶರಣುಹೊಕ್ಕರು. ಅವರು ತಮ್ಮ ಶಿಷ್ಯರಾದ ಉತ್ತನೂರಿನ ಗೋಪಾಲದಾಸರ ಬಳಿಗೆ ಕಳುಹಿಸಿಕೊಟ್ಟರು. ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ, ಅಭಿಮಂತ್ರಿಸಿದ ಜೋಳದ ರೊಟ್ಟಿಯನ್ನು ಆಚಾರ್ಯರ ಕೈಯಲ್ಲಿಟ್ಟು, ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರೆಂದು ಸಂಪ್ರದಾಯ. ಅನ್ನವನ್ನು ಅರಗಿಸಿಕೊಳ್ಳಲಾರದ ಹೊಟ್ಟೆಗೆ ಜೋಳದ ರೊಟ್ಟಿ! ವಿಜಯದಾಸರ ಪಂಕ್ತಿಯಲ್ಲಿ ಬೇಡವೆಂದದ್ದು ಶಿಷ್ಯರ ಮನೆಯಲ್ಲಿ ಪ್ರಾಣವಾಯಿತು.

ವಿಜಯದಾಸರು 1755ರ ಕಾರ್ತಿಕ ಶುದ್ಧ ದಶಮಿಯಂದು ಚಿಪ್ಪಗಿರಿಯಲ್ಲಿ ಹರಿಪದವನ್ನೈದಿದರು. ಗೋಪಾಲದಾಸರು 1762ರ ಪುಷ್ಯ ಬಹುಳ ಅಷ್ಟಮಿಯಂದು, ನಲವತ್ತರ ಆಸುಪಾಸಿನಲ್ಲಿಯೇ ತೆರಳಿದರು. ಆಚಾರ್ಯರಾದರೋ ಪಂಢರಾಪುರದ ಚಂದ್ರಭಾಗೆಯಲ್ಲಿ ಜಗನ್ನಾಥವಿಠಲ ಎಂಬ ಅಂಕಿತವನ್ನು ಪಡೆದು, ಎಂಬತ್ತನ್ನು ದಾಟಿ, 1809ರವರೆಗೆ ಬಾಳಿದರು. ಬಾಳಿನ ಅರ್ಧಭಾಗ ಮತ್ತೊಬ್ಬರದೆಂದು ತಿಳಿದು ದಿನ ಕಳೆಯುವುದು ಹೇಗಿದ್ದೀತು? ಹರಿಕಥಾಮೃತಸಾರವನ್ನು ಆ ಋಣದ ಲೆಕ್ಕಪತ್ರವೆಂದೇ ಓದಬಹುದು.

ಅವರು ಅದನ್ನು ಸಂಸ್ಕೃತದಲ್ಲಿ ರಚಿಸಬಹುದಾಗಿತ್ತು. ಕುಮಾರವ್ಯಾಸನು ಭಾರತವನ್ನು ಹಾಡಿದ ಭಾಮಿನೀ ಷಟ್ಪದಿಯನ್ನೇ ಆರಿಸಿಕೊಂಡರು. ಮೂರು ನಾಲ್ಕು ಮಾತ್ರೆಗಳ ಆ ನಡೆ ಬೀಸುವಾಗಲೂ ಹೂ ಕಟ್ಟುವಾಗಲೂ ನಾಲಿಗೆಗೆ ಬರುತ್ತದೆ. ಮುಂದೆ ಪಂಡಿತರು ಈ ಕನ್ನಡ ಗ್ರಂಥಕ್ಕೆ ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆದರು.

ಭೋಜನಸಂಧಿಯಲ್ಲಿ ದಾಸರು ಎಲೆಯ ಮೇಲಿನ ಒಂದೊಂದು ಪದಾರ್ಥವನ್ನೂ ತೋರಿಸುತ್ತಾರೆ. ಅನ್ನಕ್ಕೆ ಚಂದ್ರನು ಅಭಿಮಾನಿ, ಅವನೊಳಗೆ ಕೇಶವ. ಪರಮಾನ್ನಕ್ಕೆ ಭಾರತಿ, ಅಲ್ಲಿ ನಾರಾಯಣ. ತುಪ್ಪಕ್ಕೆ ಲಕ್ಷ್ಮಿ, ಅಲ್ಲಿ ಗೋವಿಂದ. ಹಾಲಿಗೆ ಸರಸ್ವತಿ, ಅಲ್ಲಿ ವಿಷ್ಣು. ಉಣ್ಣುವ ಜೀವನೊಳಗಿದ್ದು ರಸವನ್ನು ಸ್ವೀಕರಿಸುವವನೂ ಆ ಶ್ರೀಹರಿಯೇ. ಹೀಗಿರಲಾಗಿ, ಅಂದು ಮಾನ್ವಿಯಲ್ಲಿ ಪಂಕ್ತಿಗೆ ಕರೆದವರು ಯಾರು? ಬಾರೆನೆಂದು ಹೇಳಿ ಕಳುಹಿಸಿದ್ದು ಯಾರಿಗೆ? ದಾಸರು ಸಂಧಿಯಲ್ಲಿ ತಮ್ಮ ಕಥೆಯನ್ನು ಎತ್ತುವುದಿಲ್ಲ. ತಿಳಿದವರಿಗೆ ಪದಪದದಲ್ಲಿಯೂ ಅದು ಕೇಳಿಸುತ್ತದೆ.

ಭಾದ್ರಪದ ಶುದ್ಧ ನವಮಿಯು ಶ್ರೀ ಜಗನ್ನಾಥದಾಸರ ಆರಾಧನಾ ದಿನ. ಅಂದು ಭಕ್ತಾದಿಗಳು ಮನೆಮಂದಿಯೊಡನೆ ಈ ಸಂಧಿಯನ್ನು ಪಾರಾಯಣ ಮಾಡಿ, ವಿಜಯದಾಸರನ್ನೂ ಗೋಪಾಲದಾಸರನ್ನೂ ಸ್ಮರಿಸಿ, ಅನಂತರವೇ ಎಲೆಯ ಮುಂದೆ ಕುಳಿತುಕೊಳ್ಳಬೇಕೆಂದು ಪ್ರಾರ್ಥನೆ.

॥ ಶ್ರೀಕೃಷ್ಣಾರ್ಪಣಮಸ್ತು ॥