ನವಿಲುತೀರ್ಥದ ಬೆಟ್ಟವೂ ಭಕ್ತನ ನಂಬುಗೆಯೂ

ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಕಿತ್ತೂರು ಸೀಮೆಯ ಎಂ. ಕೆ. ಹುಬ್ಬಳ್ಳಿಯಲ್ಲಿ ಶರಣೆ ಗಂಗಾಂಬಿಕೆಯ ಐಕ್ಯಸ್ಥಳವನ್ನು ಸೋಂಕಿ, ಸವದತ್ತಿಯ ಬಳಿ ನವಿಲುತೀರ್ಥದ ಬೆಟ್ಟವನ್ನು ಸೀಳಿಕೊಂಡು, ರಾಮದುರ್ಗದ ಬದಿಯಲ್ಲಿ ಸಾಗಿ, ಕಡೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವಳು. ಬೆಟ್ಟವು ನದಿಗೆ ಅಡ್ಡನಿಂತಾಗ ನವಿಲೊಂದು ಕೂಗಿ ಕರೆಯಲು, ಬೆಟ್ಟವೇ ಬಾಯ್ದೆರೆದು ದಾರಿಗೊಟ್ಟಿತೆಂದು ಹಿರಿಯರು ಹೇಳುತ್ತ ಬಂದಿರುವರು. ಭೂವಿಜ್ಞಾನಿಗಳಾದರೋ, ಹರಿಯುವ ನೀರು ಮರಳನ್ನೂ ಹರಳನ್ನೂ ಉರುಳಿಸುತ್ತ, ಎಣಿಕೆಗೆ ಸಿಲುಕದಷ್ಟು ದೀರ್ಘಕಾಲ ಗಟ್ಟಿಗಲ್ಲನ್ನು ತೇದು ಈ ಕಣಿವೆಯನ್ನು ಕೊರೆಯಿತೆನ್ನುವರು.

ಕಾಲೇಜಿನಲ್ಲಿ ಓದುವ ಮಗಳ ಬಾಯಿಂದ ಈ ಮಾತನ್ನು ಕೇಳಿದ ಬೈಲಹೊಂಗಲದ ಗೃಹಸ್ಥನು ನೊಂದಾನು. “ಇಂದು ನವಿಲಿನ ಕತೆ ಸುಳ್ಳಾದರೆ ನಾಳೆ ಶಿವನೂ ಸುಳ್ಳಾಗನೇ?” ಎಂದು ಅಂಜಿಯಾನು.

ಈ ಅಂಜಿಕೆಯು ಶರಣಧರ್ಮಕ್ಕೆ ಸಲ್ಲದು. ಶರಣರು ಶಿವನನ್ನು ಮಾನವನಿಗೆ ತಿಳಿಯದ ಸಂಗತಿಗಳ ಕತ್ತಲೆಯಲ್ಲಿ ಅಡಗಿಸಿಡಲಿಲ್ಲ. ಇಷ್ಟಲಿಂಗವಾಗಿ ಕರಸ್ಥಲಕ್ಕೆ ತಂದರು. ಕತ್ತಲೆಯನ್ನು ನೆಚ್ಚಿದ ನಂಬುಗೆಯು ಅರಿವು ಬೆಳೆದಂತೆಲ್ಲ ಕಿರಿದಾಗುವುದು. ಅರಿವನ್ನೇ ಗುರುವೆಂದು ಬಗೆದ ನಂಬುಗೆಗೆ ಆ ಭಯವಿಲ್ಲ. 12ನೆಯ ಶತಮಾನದಲ್ಲಿಯೇ ಸೂತಕವನ್ನೂ ಶಕುನವನ್ನೂ ಅಲ್ಲಗಳೆದವರು ಪ್ರಶ್ನೆಗೆ ಹೆದರಿದವರಲ್ಲ. ನವಿಲಿನ ಕತೆಯನ್ನು ಕಲ್ಲಿನ ಚರಿತ್ರೆಯೆಂದು ಹಟಹಿಡಿಯಬೇಕಿಲ್ಲ. ನೀರನ್ನು ಕಂಡ ಜನರ ಹರ್ಷವೆಂದು ಕಾಪಾಡಿಕೊಂಡರೆ ಸಾಕು.

ಆದರೆ ವಿಜ್ಞಾನಕ್ಕೂ ಎಲ್ಲೆಯುಂಟು. ಅದೇ ಕಣಿವೆಗೆ ಅಣೆಕಟ್ಟು ಕಟ್ಟಿ, 1970ರ ದಶಕದಲ್ಲಿ ರೇಣುಕಾಸಾಗರವನ್ನು ನಿಲ್ಲಿಸಿದರು. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ರಾಮದುರ್ಗ ತಾಲೂಕಿನ ಊರುಗಳಿಗೆ ನುಗ್ಗಿದಳು. ಮಳೆಯೆಷ್ಟು, ಒಳಹರಿವೆಷ್ಟು, ಯಾವಾಗ ಎಷ್ಟು ನೀರು ಬಿಡಬೇಕು ಎಂಬುದನ್ನು ಗಣಿತವೇ ಹೇಳಬೇಕು. ಅದನ್ನು ಕಡೆಗಣಿಸಿ ಪೂಜೆಗೆ ಕುಳಿತರೆ ಅದು ಭಕ್ತಿಯಲ್ಲ, ಮೈಗಳ್ಳತನ. ಆದರೆ ಮನೆ ಕಳೆದುಕೊಂಡು ಬಂದವನ ಕುಲವನ್ನು ಕೇಳದೆ ತನ್ನ ರೊಟ್ಟಿಯಲ್ಲಿ ಅರ್ಧವನ್ನು ಏಕೆ ಮುರಿದು ಕೊಡಬೇಕೆಂಬುದನ್ನು ಯಾವ ಅಳತೆಗೋಲೂ ಹೇಳದು. ಅದನ್ನು ದಾಸೋಹವು ಕಲಿಸುವುದು.

ಆದುದರಿಂದ ತಂದೆಯು ಮಗಳ ಪುಸ್ತಕವನ್ನು ಮುಚ್ಚಿಸದಿರಲಿ. ಮಗಳು ತಂದೆಯ ಲಿಂಗಪೂಜೆಯನ್ನು ಹಳಿಯದಿರಲಿ. ಸತ್ಯವನ್ನು ಅರಸುವ ಓದು ಅವಳ ಕಾಯಕ. ಆ ಸತ್ಯದ ಫಲವನ್ನು ಹಂಚಿಕೊಳ್ಳುವುದು ಇಬ್ಬರ ದಾಸೋಹ. ಅಷ್ಟೇ ಅಲ್ಲ, ಅವಳು ತಂದ ಮಾತಿನಲ್ಲಿ ತಂದೆಗೂ ಒಂದು ಉಪದೇಶವಿದೆ. ಬೆಟ್ಟವು ಒಂದು ಕೂಗಿಗೆ ಸೀಳಲಿಲ್ಲ. ಬಿಡದೆ ಹರಿದ ನೀರಿಗೆ ಸವೆಯಿತು. ಮನದೊಳಗಿನ ಅಹಂಕಾರದ ಬೆಟ್ಟವೂ ಹಾಗೆಯೇ, ಒಂದು ದಿನದ ಆರ್ಭಟಕ್ಕಲ್ಲ, ನಿತ್ಯದ ನಿಷ್ಠೆಗೆ ಮಾತ್ರ ದಾರಿಗೊಡುವುದು.