ಕೌದಿಯ ಮೇಲೆ ಗೋಪುರ

ಹಾಸಿ ಹೊದೆಯುವ ಬಟ್ಟೆಯ ಮೇಲೆ ದೇವರ ಗುರುತು ಇರಬಹುದೆ? ಮಗಳ ಬಾಣಂತನಕ್ಕೆಂದು ಕೌದಿಯ ಚೌಕಗಳನ್ನು ಹೊಂದಿಸುವಾಗ ಈ ಪ್ರಶ್ನೆ ಎದ್ದಿತು. ಅಡ್ಡ ಐದು, ಉದ್ದ ಏಳು, ಒಟ್ಟು 35 ಚೌಕ. ಒಂದು ಬಿಟ್ಟು ಒಂದರಂತೆ ಕಸೂತಿ ಇಟ್ಟರೆ ನಾಲ್ಕೂ ಮೂಲೆಗೆ ಕಸೂತಿಯೇ ಬರುತ್ತದೆ: ಕಸೂತಿಯವು 18, ಬರಿಯವು 17. ಕಸೂತಿಗೆ ಗೋಪುರ, ತೇರು, ತುಳಸಿಕಟ್ಟೆ ಆರಿಸಿದೆ. ಬರಿಯ ಚೌಕಗಳಿಗೆ ಅವ್ವನ ಹಳೆಯ ಇಳಕಲ್ ಸೀರೆ ಕತ್ತರಿಸಿದೆ.

ಸೋದರತ್ತೆ ನೋಡಿ, "ಗೋಪುರಾ ಸೆರಗಿಗೆ ಚಂದ ಯವ್ವಾ. ಕೌದಿಗೆ ಹಾಕಿದ್ರ ಕಾಲು ಹತ್ತತಾವ. ಪಾಪ ಅಲ್ಲೇನು?" ಎಂದರು.

ಅದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಧಾರವಾಡದ ಕಸೂತಿ ಸೀರೆಯಲ್ಲಿ ಸೆರಗಿನ ಹತ್ತಿರ ದೊಡ್ಡ ಚಿತ್ರ, ದೂರ ಸರಿದಂತೆ ಸಣ್ಣ ಬುಟ್ಟಾ. ಪುಸ್ತಕಕ್ಕೆ, ಕಾಳಿಗೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಾವು. ಗೋಪುರಗಳನ್ನು ತಲೆಯ ಕಡೆ ಸರಿಸೋಣವೆಂದರೆ, ನಾಲ್ಕೂ ಮೂಲೆ ಒಂದೇ ಆದ ಕೌದಿಗೆ ತಲೆ ಯಾವುದು, ಕಾಲು ಯಾವುದು?

ಆದರೆ ಅತ್ತೆ ಗೋಪುರಕ್ಕೆ ಅಂಜಿದರು, ಪಕ್ಕದ ಚೌಕಕ್ಕೆ ಅಂಜಲಿಲ್ಲ. ಆ ಸೀರೆ ಉಟ್ಟೇ ಅವ್ವ ರೊಟ್ಟಿ ಬಡಿದಳು, ಹೊಲದಲ್ಲಿ ಕಳೆ ತೆಗೆದಳು, ಜ್ವರ ಬಂದಾಗ ನನ್ನ ಹಣೆ ಒರೆಸಿದಳು. ಅದಕ್ಕೆ ತಾಗುವ ಕಾಲಿನ ಲೆಕ್ಕ ಏನು? ತೊಡೆಯ ಮೇಲಿನ ಕೂಸು ಒದ್ದರೆ ಅಪಚಾರವಾಯಿತೆನ್ನುವ ತಾಯಿ ಇಲ್ಲ. ದೇವರು ತಾಯಿಗಿಂತ ಹೆಚ್ಚು ಮುನಿಸಿನವನೆಂದು ನಾನು ನಂಬಲಾರೆ.

ಹೊಲಿಗೆಯೂ ಇದನ್ನೇ ಕಲಿಸಿತು. ಕಸೂತಿಯ ಗವಂತಿ ಹೊಲಿಗೆಯನ್ನು ಎಳೆ ಎಣಿಸಿ ಹಾಕಬೇಕು. ಹೋಗುವಾಗ ಬಿಟ್ಟ ಜಾಗವನ್ನು ಸೂಜಿ ಮರಳುವಾಗ ತುಂಬುತ್ತದೆ. ಗಂಟಿಲ್ಲದೆ ಎರಡೂ ಬದಿ ಒಂದೇ ತೆರ ಕಾಣುತ್ತದೆ. ಅದರ ಮೇಲೆ ಕೌದಿಯ ದಾರ ಓಡಿಸಿದರೆ ಚಿತ್ರ ಕೆಡುತ್ತದೆ. ಹಾಗಾಗಿ ಪದರ ಹಿಡಿಯುವ ಹೊಲಿಗೆಯನ್ನು ಗೋಪುರದ ಸುತ್ತ ತಿರುಗಿಸಿ, ಬರಿಯ ಚೌಕದಲ್ಲಿ ಒತ್ತೊತ್ತಾಗಿ ತುಂಬಿದೆ. ಕಣ್ಣು ಹೋಗುವುದು ಗೋಪುರಕ್ಕೆ. ಕೌದಿಗೆ ಗಟ್ಟಿತನ ಬರುವುದು ಬರಿಯ ಚೌಕದಿಂದ. 12ನೇ ಶತಮಾನದ ಶರಣರು ದೇಹವನ್ನೇ ದೇಗುಲವೆಂದರು, ಕಾಯಕವನ್ನು ಪೂಜೆಯ ಸಾಲಿಗೆ ತಂದರು. ದೇಗುಲವೇ ಬಂದು ಮಲಗುವ ಹಾಸಿಗೆಗೆ ಗೋಪುರ ಹೊರತಾದೀತೆ?

ಈ ಧೈರ್ಯ ನನ್ನೊಬ್ಬಳದೇ ಅಲ್ಲ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕೌದಿಗಳಲ್ಲಿ ಕ್ರೈಸ್ತ ಮನೆಯವರು ಶಿಲುಬೆಯನ್ನೂ ಮುಸ್ಲಿಂ ಮನೆಯವರು ಅರ್ಧಚಂದ್ರವನ್ನೂ ಹಚ್ಚುವುದುಂಟು. ಮೂಲೆಗಳಿಗೆ ಹೂವೆಂದು ಕರೆಯುವ ಮಡಿಕೆಯ ತ್ರಿಕೋನ ಕೂರಿಸದೆ ಅವರು ಕೌದಿ ಮುಗಿಸುವುದಿಲ್ಲ. ಅವರ ನಂಬಿಕೆ ಗೋಡೆಯ ಮೊಳೆಗೆ ತೂಗಿಕೊಂಡಿಲ್ಲ. ಚಳಿಯ ರಾತ್ರಿ ಮಕ್ಕಳ ಮೈಮೇಲಿದೆ.

ಕಾಲು ತಾಗದಷ್ಟು ಎತ್ತರದಲ್ಲಿಟ್ಟರೆ ಮಾತ್ರ ಪವಿತ್ರ ಎನ್ನುವುದಾದರೆ, ಮನೆಗಾಗಿ ಸವೆದದ್ದೆಲ್ಲ ಅಪವಿತ್ರವಾಗುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಕೌದಿ ಹೊಲಿಯುವವರಲ್ಲಿ ನನ್ನ ಕೋರಿಕೆ ಇಷ್ಟೆ: ದೇವರ ಗುರುತನ್ನು ಅಂಜದೆ ಹಾಕಿ. ಪಕ್ಕದ ಬರಿಯ ಚೌಕಕ್ಕೆ ಅಂಗಡಿಯ ಹೊಸ ತುಂಡು ಬೇಡ. ನಿಮಗಾಗಿ ದುಡಿದವರು ಉಟ್ಟು ಹಳತಾದ ಬಟ್ಟೆಯನ್ನೇ ಆರಿಸಿ.